ಬಲಮಂಡಿಯ ಮೇಲೊಂದು ಬಾಣ

"ಯಾವ ಕಾಲು ಸರ್?" ನರ್ಸ್ ಮಾರ್ಕರಿನ ಮುಚ್ಚಳ ತೆಗೆದಳು.

"ಬಲಗಾಲು."

ಹೇಳಿಯಾದ ಮೇಲೆ, ಆಪರೇಷನ್ನಿಗೆ ಕಾದಿದ್ದ ಮಗಳ ಎದುರು ನಿಂತಿದ್ದ ಅವನಿಗೆ ಅಳುಕಾಯಿತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು; ಪ್ರಶ್ನೆ ಬಿದ್ದರೆ ತಡವರಿಸದೆ ಉತ್ತರ ಕೊಡುವುದು ಇಪ್ಪತ್ತು ವರ್ಷದ ಚಾಳಿ. ಹೆಂಡತಿ ಇದ್ದಿದ್ದರೆ ಅವಳೇ ಹೇಳುತ್ತಿದ್ದಳು. ಅವಳು ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿದ್ದಳು.

ಮಗಳಿಗೆ ಹನ್ನೊಂದು. ಎರಡು ವರ್ಷದಲ್ಲಿ ಮಂಡಿಚಿಪ್ಪು ಏಳು ಸಲ ಪಕ್ಕಕ್ಕೆ ಜಾರಿತ್ತು. ಒಂದು ಸಲವೂ ಅವನು ನೋಡಿರಲಿಲ್ಲ. ಕೂಗು ಕೇಳಿ ಪುಸ್ತಕ ಮಡಚಿಟ್ಟು ಬರುವಷ್ಟರಲ್ಲಿ ತಾಯಿ ಅವಳ ಕಾಲನ್ನು ಮೆಲ್ಲಗೆ ಚಾಚಿಸಿರುತ್ತಿದ್ದಳು, ಚಿಪ್ಪು ಜಾಗಕ್ಕೆ ಕೂತಿರುತ್ತಿತ್ತು. ಕಣ್ಣಾರೆ ಕಾಣದ್ದನ್ನು ನಂಬುವ ಆಸಾಮಿಯಲ್ಲ ಅವನು. "ನಾಟಕ ಸಾಕು, ಎದ್ದು ನಡಿ" ಎಂದಿದ್ದ. ಅವಳು ನಡೆದಿದ್ದಳು. ಕ್ರಮೇಣ ಕೂಗುವುದನ್ನೇ ಬಿಟ್ಟಳು. ಮನೆ ಶಾಂತವಾಯಿತೆಂದು ಅವನು ನೆಮ್ಮದಿಯಿಂದ ಓದಿಕೊಂಡಿದ್ದ.

ಹೋದ ವಾರ ಡಾಕ್ಟರ್ ಸ್ಕ್ಯಾನಿನ ಚಿತ್ರ ತೋರಿಸಿದ್ದರು. "ಚಿಪ್ಪನ್ನ ಒಳಗಡೆಯಿಂದ ಹಿಡಿದಿಡೋ ಪಟ್ಟಿ ಹರಿದಿದೆ. ಬೆಳೆಯೋ ಮೂಳೆ, ಅದನ್ನ ಕೊಯ್ಯಲ್ಲ. ತೊಡೆಯಿಂದ ಒಂದು ಸ್ನಾಯುರಜ್ಜು ತೆಗೆದು ಹೊಸ ಪಟ್ಟಿ ಕಟ್ತೀವಿ. ಇಷ್ಟು ದಿನ ಹೇಗೆ ನಡೀತಿದ್ಲು ಇವಳು?"

ಅವನು ಚಿತ್ರವನ್ನೇ ನೋಡುತ್ತ ಕೂತಿದ್ದ.

ನರ್ಸ್ ಬಲಮಂಡಿಯ ಮೇಲೆ ನೀಲಿ ಬಾಣ ಬರೆದಳು. "ಪುಟ್ಟಿ, ನೀನೂ ಹೇಳ್ಬೇಕು, ಅದು ಇಲ್ಲಿನ ಪದ್ಧತಿ. ಇದೇ ಕಾಲಾ?"

ಮಗಳು ಅಪ್ಪನ ಮುಖ ನೋಡಿದಳು. "ಹೂಂ. ಇದೇ."

ನರ್ಸ್ ಫೈಲು ಬಿಡಿಸಿದಳು. "ಇಲ್ಲಿ ಎಡಗಾಲು ಅಂತಿದೆಯಲ್ಲ ಸರ್." ಎಡಮಂಡಿಯ ಚಿಪ್ಪನ್ನು ಬೆರಳಿನಿಂದ ಒಂಚೂರು ಹೊರಕ್ಕೆ ಒತ್ತಿದಳು. ಮಗಳು ತಟ್ಟನೆ ಅವಳ ಕೈ ಹಿಡಿದುಕೊಂಡಳು.

"ಎದುರಿಗೆ ನಿಂತಿದ್ನಲ್ಲ, ಅದಕ್ಕೆ ಅದಲುಬದಲಾಯ್ತು" ಎಂದ.

ನರ್ಸ್ ಫೈಲು ಮಡಚಿಟ್ಟಳು.

"ನೀನ್ಯಾಕೆ ಹೂಂ ಅಂದೆ?" ಮಗಳನ್ನು ಕೇಳಿದ.

"ನೀವು ಹೇಳಿದ್ರಲ್ಲ."

ನೋವಿಲ್ಲದ ಆ ಕಾಲನ್ನೇ ಕೊಯ್ದಿದ್ದರೂ ಕೊಯ್ಯಲು ಬಿಡುತ್ತಿದ್ದಳು, ತುಟಿ ಪಿಟಕ್ಕೆನ್ನದೆ.

ನರ್ಸ್ ಎಡಮಂಡಿಗೆ ಹೊಸ ಬಾಣ ಬರೆದು, ಬಲಗಡೆಯದನ್ನು ಸ್ಪಿರಿಟ್ ಹತ್ತಿಯಿಂದ ತಿಕ್ಕಿದಳು. ಚರ್ಮ ಕೆಂಪಗಾಯಿತೇ ಹೊರತು ಬಾಣ ಪೂರ್ತಿ ಹೋಗಲಿಲ್ಲ.

ಗಾಲಿಕುರ್ಚಿಯ ಜೊತೆಗೆ ಅವನೂ ಆಪರೇಷನ್ ಕೋಣೆಯವರೆಗೆ ನಡೆದ. ಬಾಗಿಲಲ್ಲಿ ಡಾಕ್ಟರ್ ನಿಂತಿದ್ದರು. "ಎಲ್ಲ ಸರಿ ಇದೆಯಾ?"

"ಸರಿ ಇದೆ" ಎಂದಳು ಮಗಳು, ಅವನಿಗಿಂತ ಮೊದಲು. ಅವಳ ಅಂಗೈ ಬಲಮಂಡಿಯ ಮೇಲಿತ್ತು, ಮಾಸಿದ ಬಾಣ ಯಾರ ಕಣ್ಣಿಗೂ ಬೀಳದಂತೆ. ಗಾಲಿಕುರ್ಚಿ ಒಳಗೆ ಹೋಯಿತು. ಬಾಗಿಲು ಮುಚ್ಚುವವರೆಗೂ ಅವಳು ಆ ಕೈ ತೆಗೆಯಲಿಲ್ಲ.