ಚೀಲದ ತಳಕ್ಕೂ ಕೈ ಹಾಕಿ

ಪ್ರೇಮಮ್ಮನ ಬಾಯಿ ಈಗ ಎರಡು ಬೆರಳು ತೂರುವಷ್ಟೂ ತೆರೆಯುತ್ತಿರಲಿಲ್ಲ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಸಾರು ತಗುಲಿದರೆ ಉರಿ. ಆದರೂ ಎಲೆ ಅಡಿಕೆ ಬಿಟ್ಟಿರಲಿಲ್ಲ. ಗಂಡ ಮರುಳಪ್ಪ ಚನ್ನಗಿರಿಯ ಅಡಿಕೆ ವ್ಯಾಪಾರಿ. ಅಡಿಕೆಯಿಂದ ಬಾಯಿ ಕೆಡುತ್ತದೆ ಎಂದವರ ಮೇಲೆ ಅವರು ಎಗರಿ ಬೀಳುತ್ತಿದ್ದರು.

ದಾವಣಗೆರೆಯಲ್ಲಿ ನರ್ಸ್ ಆಗಿರುವ ಮರುಳಪ್ಪನವರ ತಮ್ಮನ ಮಗಳು ಪೂಜಾ ಹಬ್ಬಕ್ಕೆ ಬಂದವಳು ದೊಡ್ಡಮ್ಮನ ಬಾಯಿ ನೋಡಿ ಗಾಬರಿಯಾದಳು.

"ನಾಳೇನೇ ಆಸ್ಪತ್ರೆಗೆ ತೋರ್ಸಾಕೆ ಹೋಗಾಣ, ದೊಡ್ಡಪ್ಪ."

"ಯಾಕಮ್ಮ? ಅಡಿಕೆಯಿಂದ ಹುಣ್ಣು ಮಾಯ್ತೈತೆ ಅಂತ ಸಂಶೋಧನೆ ಆಗೈತೆ. ವಿದೇಶದ ಜರ್ನಲ್‌ನಾಗೆ ಬಂದೈತೆ, ನೋಡು!"

ಮರುಳಪ್ಪ ಮೊಬೈಲ್ ಮುಂದೆ ಹಿಡಿದರು. ಇಂಗ್ಲಿಷ್ ಲೇಖನ. ಮೊದಲ ಪುಟದ ಸಾರಾಂಶವನ್ನು ಅವರ ಅಡಿಕೆ ಮಂಡಿಯ ಗುಮಾಸ್ತ ಕನ್ನಡದಲ್ಲಿ ಹೇಳಿದ್ದ. ಅಷ್ಟಕ್ಕೇ ಅವರ ಎದೆ ಉಬ್ಬಿತ್ತು.

"ದೊಡ್ಡಪ್ಪ, ಅಡಿಕೆ ಚೀಲದ ಮೇಲ್ಗಡೆ ಮಾತ್ರ ನೋಡಿ ರೇಟ್ ಹೇಳ್ತೀರಾ?"

"ಯಾವನು ಹೇಳ್ತಾನೆ! ಮೇಲೆ ಚಲೋ ಮಾಲು ಹರಡಿರ್ತಾರೆ. ತಳದಾಗಿಂದ ತೆಗೆದು ಕತ್ತರಿಸಿ ನೋಡ್ಬೇಕು."

"ಇದನ್ನೂ ಹಂಗೇ ನೋಡಾಣ."

ಪೂಜಾ ಒಳಪುಟಗಳನ್ನು ಓದಿ ಹೇಳಿದಳು. ಪ್ರಯೋಗ ನಡೆದದ್ದು ಕೆಲವೇ ಇಲಿಗಳ ಮೇಲೆ. ಅವುಗಳ ಚರ್ಮದ ಗಾಯಕ್ಕೆ ಅಡಿಕೆಯ ಸಾರ ಹಚ್ಚಿದ್ದರು. ಅಡಿಕೆ ಅಗಿದ ಒಬ್ಬ ಮನುಷ್ಯನೂ ಅದರಲ್ಲಿರಲಿಲ್ಲ. ಪ್ರಯೋಗಕ್ಕೆ ದುಡ್ಡು ಕೊಟ್ಟದ್ದು ಅಡಿಕೆ ಪುಡಿ ಮಾರುವ ಕಂಪನಿ. ಕೊನೆಯಲ್ಲಿ, ಮನುಷ್ಯರಿಗೂ ಹೀಗೇ ಆಗುತ್ತದೆಂದು ಹೇಳಲಾಗದು ಎಂದು ಬರೆದವರೇ ಒಪ್ಪಿಕೊಂಡಿದ್ದರು.

"ಬರೆದೋರೇ ಹಂಗಂದಾರಾ?" ಮರುಳಪ್ಪ ಕೇಳಿದರು.

"ಹೂಂ. ಅವರು ಮುಚ್ಚಿಟ್ಟಿಲ್ಲ, ನಾವು ಓದಿಲ್ಲ. ಅಡಿಕೆ ಅಗಿಯೋ ಜನರನ್ನೇ ನೋಡಿ ಬರೆದ ಅಧ್ಯಯನ ಬೇಕಾದಷ್ಟು ಐದಾವೆ. ಅವೆಲ್ಲ ಬಾಯಿ ಕ್ಯಾನ್ಸರ್ ಬರೋ ಅಪಾಯ ಹೆಚ್ಚು ಅಂತಾವೆ."

ಮೂಲೆಯಲ್ಲಿ ಕೂತಿದ್ದ ಪ್ರೇಮಮ್ಮ ಕಷ್ಟಪಟ್ಟು ತುಟಿ ಬಿಡಿಸಿದರು.

"ನೀವು ಹೇಳಿದ್ರಿ ಅಂತ ಅಗಿತಿದ್ದೆ ರೀ."

ಮರುದಿನ ಮಂಡಿಯ ಬಾಗಿಲು ತೆರೆಯದೆ ಮರುಳಪ್ಪ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದರು. ದಾವಣಗೆರೆಯ ಡಾಕ್ಟರು ಮಚ್ಚೆಯ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ವರದಿ ಇನ್ನೂ ಬಂದಿಲ್ಲ. ಮನೆಯಲ್ಲಿದ್ದ ಎಲೆ ಅಡಿಕೆ ತಟ್ಟೆಯನ್ನು ಮರುಳಪ್ಪನವರೇ ಎತ್ತಿಟ್ಟಿದ್ದಾರೆ. ಹೆಂಡತಿಗೆ ಗಂಜಿಯನ್ನು ತಾವೇ ಆರಿಸಿ ಕೊಡುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, 'ಸಂಶೋಧನೆ ಹೇಳಿದೆ' ಎಂದು ಯಾರಾದರೂ ಅಂದರೆ ತಲೆಯಾಡಿಸಬೇಡಿ. ಪ್ರಯೋಗ ಯಾರ ಮೇಲೆ ನಡೆಯಿತು, ಎಷ್ಟು ಜನರ ಮೇಲೆ, ದುಡ್ಡು ಯಾರದು, ಕೊನೆಯಲ್ಲಿ ಏನಿದೆ, ಬೇರೆ ಅಧ್ಯಯನಗಳು ಒಪ್ಪುತ್ತವೆಯೇ ಎಂದು ಕೇಳಿ. ತಿಳಿಯದಿದ್ದರೆ ತಿಳಿದವರಿಂದ ಪೂರ್ತಿ ಓದಿಸಿ. ಬಾಯಲ್ಲಿ ಮಚ್ಚೆ ಕಂಡರೆ ಇವತ್ತೇ ಡಾಕ್ಟರಿಗೆ ತೋರಿಸಿ. ನಿಮ್ಮ ಮಾತು ನಂಬಿಕೊಂಡು ಮನೆಯಲ್ಲಿ ಒಬ್ಬರು ಕೂತಿರುತ್ತಾರೆ.