ಕೆರೆ ದಾರಿಯ ಬೋರ್ಡು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಫ್ಲೆಕ್ಸ್ ಅಂಗಡಿಯಲ್ಲಿ ಕೆಲವು ದಿನಗಳಿಂದ ಒಂದೇ ಜಗಳ. ಡಿಸೈನ್ ಮಾಡುವ ಹಂಸಿನಿಗೆ ಹೊಸ ಸಾಫ್ಟ್‌ವೇರ್ ಬೇಕು. ಮಾಲೀಕ ಬೆಳ್ಳಿಯಪ್ಪನಿಗೆ ಹಳೆಯದೇ ಸಾಕು. ಹಳೆಯದರಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬೀಳುತ್ತಿದ್ದವು, ಒಂದೊಂದನ್ನೂ ಎಳೆದು ಕೂರಿಸಬೇಕಿತ್ತು. ಆದರೆ ಅವನ ಇಷ್ಟು ವರ್ಷಗಳ ಕೆಲಸವೆಲ್ಲ ಇದ್ದದ್ದು ಅದರಲ್ಲೇ. ಹೊಸದನ್ನು ಪರೀಕ್ಷೆಗೆಂದು ಹಾಕಿಕೊಂಡಿದ್ದರು. ಇಟ್ಟುಕೊಳ್ಳುವುದೋ ಬಿಡುವುದೋ ನಾಳೆಯೊಳಗೆ ತೀರ್ಮಾನವಾಗಬೇಕಿತ್ತು.

ಅವತ್ತು ಬೆಳಿಗ್ಗೆ ತಿತಿಮತಿಯ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರ್ ಸಾಂತಪ್ಪ ಫೋನ್ ಮಾಡಿದ. ಮರಿ ಹಾಕಿದ ಆನೆಯೊಂದು ತೋಟದ ಕೆರೆಯ ಹತ್ತಿರ ಬೀಡುಬಿಟ್ಟಿದೆ, ಹಣ್ಣಿನ ಪಿಕ್ಕಿಂಗ್ ಮುಗಿಸಿ ಕೂಲಿಯವರ ಸಾಲುಮನೆಗೆ, ಅಂದರೆ ಲೈನಿಗೆ, ಹೋಗುವವರಿಗೆ ಬೋರ್ಡು ಬೇಕು, ಹೋದ ವರ್ಷ ಮಾಡಿಕೊಟ್ಟದ್ದೇ ಇರಲಿ, ದಾರಿಯ ಹೆಸರು ಮಾತ್ರ ಬದಲಾಯಿಸಿ ಎಂದ. ಹಂಸಿನಿ ಹಳೆಯ ಫೈಲನ್ನು ಹೊಸ ಸಾಫ್ಟ್‌ವೇರಿನಲ್ಲಿ ತೆರೆದು, ಅಕ್ಷರ ಬದಲಿಸಿ, ಪ್ರಿಂಟ್ ಹಾಕಿಸಿದಳು. ಸುರುಳಿ ಸುತ್ತಿದ ಫ್ಲೆಕ್ಸು ತೋಟದ ಜೀಪಿನಲ್ಲಿ ಹೋಯಿತು.

ಮಧ್ಯಾಹ್ನ ಊಟವಾದ ಮೇಲೆ ಅವಳು ಬೆಳ್ಳಿಯಪ್ಪನನ್ನು ಕರೆದು ಹಳೆಯ ಬೋರ್ಡು, ಹೊಸ ಬೋರ್ಡು ಎರಡನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟಳು.

"ನೀವೇ ನೋಡಿ ಅಣ್ಣ, ಒತ್ತಕ್ಷರ ಹೇಗೆ ಕೂತಿದೆ. ನಾನು ಕೈ ಹಚ್ಚೇ ಇಲ್ಲ."

ಬೆಳ್ಳಿಯಪ್ಪ ಕನ್ನಡಕ ಹಾಕಿಕೊಂಡು ಓದಿದ. "ಆನೆ ಇದೆ. ಲೈನಿಗೆ ಹೋಗುವವರು ಕೆರೆ ದಾರಿಯಲ್ಲಿ..." ಅಲ್ಲಿಗೆ ನಿಂತ. "ಆಮೇಲೆ?"

"ಹೋಗಬೇಡಿ," ಎಂದಳು ಹಂಸಿನಿ.

"ಎಲ್ಲಿದೆ ಅದು?"

ಇರಲಿಲ್ಲ. ಹೊಸ ಅಕ್ಷರ ಸ್ವಲ್ಪ ಅಗಲ. ಚೌಕಟ್ಟಿನಲ್ಲಿ ಹಿಡಿಸದ ಕೊನೆಯ ಪದ ಮರೆಯಾಗಿ, ಅಂಚಿನಲ್ಲಿ ಸಣ್ಣದೊಂದು ಕೆಂಪು ಗುರುತು ಮಾತ್ರ ಉಳಿದಿತ್ತು. ಅವಳು ಅದನ್ನು ಗಮನಿಸಿರಲಿಲ್ಲ. ಹೋಗಬಾರದ ದಾರಿಯನ್ನೇ ಬೋರ್ಡು ತೋರಿಸುತ್ತಿತ್ತು.

ಸಾಂತಪ್ಪನ ಫೋನ್ ಸಿಗಲಿಲ್ಲ. ಅವನು ರಸ್ತೆಗೆ ಬಂದರೆ ಮಾತ್ರ ಸಿಗುತ್ತಾನೆ, ತೋಟದೊಳಗೆ ನೆಟ್‌ವರ್ಕ್ ಇಲ್ಲವೆಂದು ಇಬ್ಬರಿಗೂ ಗೊತ್ತು. ಬೆಳ್ಳಿಯಪ್ಪ ಅಂಗಡಿಯ ಶಟರ್ ಅರ್ಧಕ್ಕೆ ಎಳೆದು ವ್ಯಾನ್ ಹತ್ತಿದ. ದಾರಿಯುದ್ದಕ್ಕೂ ಹಂಸಿನಿ ಮತ್ತೆ ಮತ್ತೆ ಅದೇ ನಂಬರ್ ಒತ್ತುತ್ತಿದ್ದಳು. ಅವನು ರಸ್ತೆಯನ್ನೇ ನೋಡುತ್ತ ವ್ಯಾನ್ ಓಡಿಸಿದ. ಬೈದಿದ್ದರೆ ವಾಸಿಯಿತ್ತು ಎನಿಸಿತು ಅವಳಿಗೆ.

ತೋಟದ ಕಣದಲ್ಲಿ ಕೊಯ್ದು ತಂದ ಕಾಫಿ ಹಣ್ಣು ತೂಗುತ್ತಿದ್ದರು. ಸಾಂತಪ್ಪ ತಕ್ಕಡಿಯ ಹತ್ತಿರ ನಿಂತಿದ್ದ.

"ಬೋರ್ಡು ತಪ್ಪಾಗಿದೆ," ಎಂದಳು ಹಂಸಿನಿ ಏದುಸಿರು ಬಿಡುತ್ತ. "ಯಾರನ್ನೂ ಕೆರೆ ಕಡೆ ಬಿಡಬೇಡಿ."

"ಕಾವಲಿನ ನಿಂಗನ ಕೈಲಿ ಕಟ್ಟಿಸ್ದೆ. ಅವನಿಗೆ ಓದಕ್ಕೆ ಬರಲ್ಲ, ನಾನು ಹೋಗಿ ನೋಡ್ಲಿಲ್ಲ." ಸಾಂತಪ್ಪ ತಕ್ಕಡಿ ಬಿಟ್ಟು ದಾರಿಯ ಕಡೆ ತಿರುಗಿದ. "ಚಿಕ್ಕಿನೂ ಅವಳ ಸೊಸೆನೂ ಆಗ್ಲೇ ತೂಕ ಮುಗಿಸಿ ಲೈನಿಗೆ ಹೋದ್ರಲ್ಲ."

ನಿಂಗ ಪಟಾಕಿ ಹಿಡಿದು ಮುಂದೆ ಓಡಿದ. ಹಿಂದೆಯೇ ಸಾಂತಪ್ಪ, ಬೆಳ್ಳಿಯಪ್ಪ. ಹಂಸಿನಿಯನ್ನು ಕಣದಲ್ಲೇ ಇರಲು ಹೇಳಿದರು. ಅವಳು ಕೇಳಲಿಲ್ಲ. ಕವಲಿನಲ್ಲಿ ಬೋರ್ಡು ಬಿಗಿಯಾಗಿ ಕಟ್ಟಿತ್ತು, ಅಕ್ಷರಗಳು ಮುತ್ತಿನಂತಿದ್ದವು. ಅಷ್ಟರಲ್ಲಿ ಕೆಳಗಿನಿಂದ ಆನೆ ಘೀಳಿಟ್ಟಿತು, ಹೆಂಗಸೊಬ್ಬಳು ಕಿರುಚಿದಳು. ಪಟಾಕಿ ಒಂದರ ಹಿಂದೆ ಒಂದು ಸಿಡಿಯಿತು. ಕಾಫಿ ಗಿಡಗಳು ಮುರಿಯುವ ಸದ್ದು ದೂರ ಸರಿಯುತ್ತ ಹೋಯಿತು.

ಸೊಸೆ ಮರದ ಹಿಂದೆ ಅವಿತಿದ್ದಳು. ಓಡುವಾಗ ಚರಂಡಿಗೆ ಬಿದ್ದ ಚಿಕ್ಕಿಯ ಕಾಲು ಮುರಿದಿತ್ತು.

"ಆ ಕಡೆ ಯಾಕ್ ಹೋದ್ರಿ?" ಎಂದು ನಿಂಗ ಗದರಿದ.

"ಹಂಗೇ ಬರ್ದಿತ್ತಲ್ಲ," ಎಂದಳು ಸೊಸೆ ಅಳುತ್ತ. "ನಾನೇ ಓದಿ ಅತ್ತೆನ ಕರ್ಕಂಡ್ ಬಂದೆ."

ಆಸ್ಪತ್ರೆಗೆ ಹೋಗುವಾಗ ವ್ಯಾನಿನಲ್ಲಿ ಹಂಸಿನಿ ಚಿಕ್ಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಅಕ್ಕ, ಆ ಬೋರ್ಡು ಬರೆದದ್ದು ನಾನು. ನಿಮ್ಮ ಸೊಸೆಯದೇನೂ ತಪ್ಪಿಲ್ಲ," ಎಂದಳು. ಚಿಕ್ಕಿ ಅವಳನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ನೋವಿಗೋ, ಸಿಟ್ಟಿಗೋ ಹಂಸಿನಿಗೆ ತಿಳಿಯಲಿಲ್ಲ.

ಮರುದಿನ ಅಂಗಡಿಗೆ ಬಂದವಳೇ, "ಹಳೇದೇ ಇರಲಿ ಅಣ್ಣ. ನಾನು ಇನ್ನು ಕೇಳಲ್ಲ," ಎಂದಳು.

ಬೆಳ್ಳಿಯಪ್ಪ ಒಪ್ಪಲಿಲ್ಲ. "ಹೆದ್ರಿಕೊಂಡು ಆರಿಸ್ಬೇಡ. ಹಳೇದ್ರಲ್ಲಿ ನಾನೂ ಎಷ್ಟೋ ಸಲ ತಪ್ಪು ಹೊಡ್ದಿದೀನಿ. ಅದ್ಯಾವ್ದೂ ಆನೆ ಇರೋ ಕಡೆ ನೇತಾಡ್ಲಿಲ್ಲ, ಅಷ್ಟೇ. ಒತ್ತಕ್ಷರ ಇದ್ರಲ್ಲಿ ಸರಿ ಬರ್ತದೆ, ಅದನ್ನ ನಾನು ನೋಡಿದೀನಿ. ಪ್ರಿಂಟಿಗೆ ಕೊಡೋ ಮುಂಚೆ ನೀನು ಮಾಡಿದ್ದನ್ನ ನಾನು ಓದ್ತೀನಿ, ನಾನು ಮಾಡಿದ್ದನ್ನ ನೀನು ಓದು."

ಹೊಸ ಸಾಫ್ಟ್‌ವೇರೇ ಉಳಿಯಿತು. ಹಂಸಿನಿ ತಿತಿಮತಿಯ ಬೋರ್ಡನ್ನು ಮತ್ತೆ ಮೊದಲಿನಿಂದ ಮಾಡಿದಳು. ನಡುವೆ ಎರಡು ಸಲ ಎದ್ದು ಹೊರಗೆ ಹೋಗಿ ಬಂದಳು. ಬೆಳ್ಳಿಯಪ್ಪ ಕೊನೆಯ ಪದದವರೆಗೂ ಓದಿ, ಪ್ರಿಂಟ್ ಆದ ಮೇಲೆ ಅದನ್ನು ಬೇರೆ ಯಾರ ಕೈಗೂ ಕೊಡದೆ, ತಾನೇ ಬಸ್ಸು ಹತ್ತಿ ತೋಟಕ್ಕೆ ಹೊರಟಳು.