ಚಿತ್ರದ ನಡುವಿನ ಗೆರೆ

ಪೋರ್ಚುಗಲ್ಲಿನ ಆ ಗಡಿಯೂರಿಗೆ, ಮತದಾನದ ಭಾನುವಾರ, ಝೆಫೆರೀನೊ ತಾಯಿ ಅಲ್ಬರ್ಟೀನಾಳನ್ನು ಮತಗಟ್ಟೆಗೆ ಕರೆದೊಯ್ಯಲು ಬಂದ. ವಲಸಿಗರನ್ನು ಹೊರಹಾಕುತ್ತೇವೆನ್ನುವ ಪಕ್ಷದ ಬಿಲ್ಲೆ ಕೋಟಿನ ಮೇಲಿತ್ತು. ಊಟಕ್ಕೆ ಕೂತವನೇ ಮಾತು ತೆಗೆದ.

“ಕೆಳಗಿನ ಕೋಣೇಲಿ ಬಾಡಿಗೆಗಿರೋ ನೇಪಾಳದವರನ್ನ ಈ ತಿಂಗಳೇ ಖಾಲಿ ಮಾಡಿಸಮ್ಮ. ಪಕ್ಷದೋರು ನನ್ನ ಮುಖಕ್ಕೇ ಆಡ್ಕೋತಾರೆ. ಅವರಿರೋವರೆಗೂ ನಾನಿಲ್ಲಿ ಊಟಕ್ಕೆ ಬರಲ್ಲ.”

ಅಲ್ಬರ್ಟೀನಾ ಚಮಚ ಕೆಳಗಿಟ್ಟಳು. ಎಂಬತ್ತನಾಲ್ಕರ ಆ ಜೀವ ವಾರವಿಡೀ ಕಾಯುತ್ತಿದ್ದದ್ದು ಈ ಒಂದು ಊಟಕ್ಕೆ.

“ಆ ಗಂಡ-ಹೆಂಡತಿ ನಿನಗೇನು ಮಾಡಿದ್ರೋ?”

“ಕಳ್ಳದಾರೀಲಿ ನುಗ್ಗಿದೋರು. ನಾವೂ ಆಗ ಇಲ್ಲಿಂದ ಫ್ರಾನ್ಸಿಗೆ ಹೋದ್ವಿ, ಮರ್ಯಾದೆಯಾಗಿ ರೈಲಲ್ಲಿ.”

ರೈಲು ಅವಳೇ ಹೇಳಿದ್ದ ಸುಳ್ಳು. ಗೋಡೆಯ ಹಳೇ ಛಾಯಾಚಿತ್ರ ನೋಡಿದಳು: ಇಪ್ಪತ್ತೈದರ ತಾನು, ಮೂರರ ಅವನು, ಇಬ್ಬರ ನಡುವೆ ಹರಿದು ಅಂಟಿಸಿದ ಗೆರೆ. ಚಿಕ್ಕವನಿದ್ದಾಗ ತಾನೇ ಹರಿದೆನೆಂದು ಅವನು ನಂಬಿದ್ದ.

“ಅದನ್ನ ಹರಿದದ್ದು ನೀನಲ್ಲ ಕಣೋ, ನಾನು.”

ದೇಶ ಬಿಡಲು ಸರ್ಕಾರ ಬಿಡದಿದ್ದ ಆ ಕಾಲದಲ್ಲಿ ಪೋರ್ಚುಗಲ್ಲಿನಿಂದ ಕದ್ದು ಹೊರಟವರೆಲ್ಲ ಹಾಗೇ ಮಾಡುತ್ತಿದ್ದರು. ಚಿತ್ರವನ್ನು ಹರಿದು ಒಂದು ತುಂಡು ಮನೆಯಲ್ಲಿ ಬಿಡುವುದು, ಇನ್ನೊಂದನ್ನು ಜೊತೆಗೊಯ್ಯುವುದು. ಜೀವಂತ ತಲುಪಿದ ಮೇಲೆ ಆ ತುಂಡು ಅಂಚೆಯಲ್ಲಿ ಊರಿಗೆ ಬಂದರಷ್ಟೇ ದಾರಿ ತೋರಿಸಿದವನಿಗೆ ಪೂರ್ತಿ ದುಡ್ಡು. ಮೊಮ್ಮಗನಿದ್ದ ತುಂಡನ್ನು ಅವಳ ತಾಯಿ ಇಟ್ಟುಕೊಂಡಳು. ಇವಳದು ಬೂಟಿನೊಳಗೆ. ಹೊರಟ ಬೆಳಿಗ್ಗೆ ತಾಯಿ ಬಾವಿಯ ಬಳಿ ನೀರು ಸೇದುತ್ತಲೇ ಇದ್ದಳು, ಒಮ್ಮೆಯೂ ಕೈಬೀಸಲಿಲ್ಲ. ನೆರೆಯವರಿಗೆ ಗೊತ್ತಾಗಬಾರದಲ್ಲ. ಆ ಬೆನ್ನೇ ಅಲ್ಬರ್ಟೀನಾ ಕಂಡ ತಾಯಿಯ ಕೊನೆಯ ನೋಟ.

“ಪೊಲೀಸರ ಕಣ್ಣು ತಪ್ಪಿಸಿ ಹೋದ್ವಿ ಅನ್ನೋಕೆ ನಾಚಿಕೆಯಾಯ್ತು. ಅದಕ್ಕೇ ರೈಲು ಅಂದೆ.”

“ಅದು ಬೇರೆ. ನಾವು ದುಡಿಯೋಕೆ ಹೋದ್ವಿ.”

“ಇವರೇನು ಚೆರ್ರಿ ತೋಟಕ್ಕೆ ನಿದ್ದೆ ಮಾಡೋಕೆ ಹೋಗ್ತಾರಾ? ಅವರು ಇಲ್ಲೇ ಇರ್ತಾರೆ. ಬರೋದು ಬಿಡೋದು ನಿನಗೆ ಬಿಟ್ಟದ್ದು.”

ಅವನು ಅವಳನ್ನು ಕೂರಿಸಿಕೊಂಡು ಕಾರು ಹೊರಡಿಸಿದ. ಮತಗಟ್ಟೆಯಾಗಿದ್ದ ಹಳೇ ಶಾಲೆಯಲ್ಲಿ ಇಬ್ಬರೂ ಬೇರೆಬೇರೆ ಮರೆಯಲ್ಲಿ ಗುರುತು ಹಾಕಿದರು. ಯಾರಿಗೆಂದು ಒಬ್ಬರನ್ನೊಬ್ಬರು ಕೇಳಲಿಲ್ಲ. ವಾಪಸು ಬರುವಾಗ, ಸ್ಪೇನಿನ ಗುಡ್ಡಗಳು ಕಾಣುವ ತಿರುವಿನಲ್ಲಿ ಅವನು ಕೇಳಿದ, “ದಾರೀಲಿ ನಾನು ಅಳಲಿಲ್ವಾ?”

“ನಿದ್ದೆ ಬರಲೀಂತ ಗಸಗಸೆ ಕಾಯಿ ಕುದಿಸಿದ ನೀರು ಕುಡಿಸಿದ್ದೆ. ಗುಡ್ಡ ದಾಟೋವರೆಗೂ ನನ್ನ ಬೆನ್ನ ಮೇಲೆ ಮಲಗೇ ಇದ್ದೆ.”

“ಭಾರ ಇದ್ನಾ?”

“ಈಗಿನಷ್ಟಿರಲಿಲ್ಲ.”

ಅವನಿಗೆ ನಗು ಬಂತು, ತಡೆದುಕೊಂಡ. ಬಾಗಿಲಲ್ಲಿ ಅವಳನ್ನಿಳಿಸಿ, “ಮುಂದಿನ ಭಾನುವಾರ ಮೀನು ಮಾಡಮ್ಮ,” ಎಂದ.